ಪಟೇಲ ಉಣ್ಣದೆ ಮಲಗಿದ ಸುಗ್ಗಿ

ಬಿಳಿಚೋಡಿನ ತಿಪ್ಪಮ್ಮ ನಾಯಿಮರಿಗೆ ಪಾಠ ಕಲಿಸುವುದನ್ನು ನೋಡಿದವರು ಅವಳಿಗೆ ಕರುಳೇ ಇಲ್ಲ ಎಂದುಕೊಳ್ಳುತ್ತಿದ್ದರು. ಮರಿ ತಾಯಿಯ ಮೊಲೆ ಬಿಟ್ಟು ನಾಲ್ಕು ಹೆಜ್ಜೆ ಇಡುವುದರೊಳಗೆ ಅವಳ ಶಾಲೆ ಶುರು. ಓಣಿಯಲ್ಲಿ ಹೋಗುವವರನ್ನು ಕರೆದು ಅವರ ಕೈಯಿಂದ ಮರಿಗೆ ಒಂದು ಉಂಡೆ ಮುದ್ದೆ ಕೊಡಿಸುವಳು. ಉಂಡೆಯ ಹೊಟ್ಟೆಯಲ್ಲಿ ಅರೆದ ಹಸಿಮೆಣಸಿನಕಾಯಿ. ಮರಿ ಗಬಕ್ಕನೆ ಬಾಯಿ ಹಾಕಿ, ಕುಯ್ಯೋ ಎಂದು ಅಂಗಳ ಸುತ್ತಿ, ಕಡೆಗೆ ನೀರಿನ ಕಲ್ಲುಬಾನಿಯಲ್ಲಿ ಮೂತಿ ಅದ್ದಿಕೊಂಡು ನಿಲ್ಲುವುದು. ಮಾರನೆಯ ದಿನ ಬೇರೆಯವರ ಕೈ, ಇನ್ನೊಂದು ಉಂಡೆ. ಹೀಗೆ ಒಂದಷ್ಟು ದಿನ ಕಳೆದರೆ ಸಾಕು, ಕಂಡವರು ಹೋಳಿಗೆ ತಂದು ಹಿಡಿದರೂ ಮರಿ ಮೂಸಿ ನೋಡುತ್ತಿರಲಿಲ್ಲ.

ಕುರಿ ಸಾಕುವವರಿಗೆ ಮಾತ್ರ ಇದು ಅರ್ಥವಾಗುವ ಸಂಗತಿ. ಕುರಿಕಳ್ಳ ಮಂದೆಗೆ ಕೈ ಹಾಕುವ ಮೊದಲು ನಾಯಿಗೆ ವಿಷದ ತುತ್ತು ಎಸೆಯುತ್ತಾನೆ. ನಾಯಿ ಆಸೆಬುರುಕವಾದರೆ ಬೆಳಗಾಗುವಷ್ಟರಲ್ಲಿ ನಾಯಿಯೂ ಇಲ್ಲ, ಕುರಿಯೂ ಇಲ್ಲ. ಅದಕ್ಕೇ ಪಾಠದ ಎರಡನೆಯ ಭಾಗ ಇನ್ನೂ ಬಿಗಿ. ಸಂಜೆ ಕುರಿಗಳೆಲ್ಲ ರೊಪ್ಪ ಸೇರಿದ ಮೇಲೆ ತಿಪ್ಪಮ್ಮ ತಟ್ಟೆ ಇಟ್ಟುಕೊಂಡು ಕೂರುವಳು. ಮರಿ ಎದುರಿಗೆ ಕೂರಬೇಕು. ಅವಳು ನಾಲ್ಕು ತುತ್ತು ಉಂಡು, ಅದೇ ತಟ್ಟೆಯಲ್ಲಿ ಮಿಕ್ಕ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ಉಂಡೆ ಮಾಡಿ ಹಾಕಿದಾಗಲೇ ಅದರ ಊಟ. ಅದಕ್ಕೂ ಮೊದಲು ಮೂತಿ ಚಾಚಿದರೆ ಮೂಗಿನ ಮೇಲೆ ಏಟು. ಸೊಕ್ಕೆಯ ತವರುಮನೆಯಲ್ಲಿ ಅವಳ ಅಪ್ಪ ಹೀಗೆಯೇ ಮಾಡುತ್ತಿದ್ದ, ಅವಳೂ ಹೀಗೆಯೇ ಮಾಡಿದಳು. ಯಾಕೆಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಈ ಶಾಲೆಯಲ್ಲಿ ಪಾಸಾದ ಮರಿಗಳಲ್ಲೆಲ್ಲ ಮೇಲಿನ ದರ್ಜೆಯದು ಪಟೇಲ. ಕಂದು ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಮೈತುಂಬ ಗತ್ತು. ಮಂದೆ ಮೇಯುವಾಗ ಎತ್ತರದ ದಿಬ್ಬ ಹುಡುಕಿ ಕುಳಿತು, ಬರುವವರು ಹೋಗುವವರನ್ನೆಲ್ಲ ಕಂದಾಯ ಬಾಕಿ ಉಳಿಸಿಕೊಂಡವರ ಹಾಗೆ ದಿಟ್ಟಿಸುತ್ತಿತ್ತು. ಆ ಗತ್ತು ನೋಡಿಯೇ ತಿಪ್ಪಮ್ಮನ ಗಂಡ ಗಾದ್ರಪ್ಪ ಆ ಹೆಸರಿಟ್ಟಿದ್ದ. ಗಾದ್ರಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಅರ್ಧ ಕುರಿಗಳಿಗೆ. ನಾಯಿಗೆ ಹೆಸರಿಡುವಾಗ ಮಾತ್ರ ಅವನ ನಾಲಿಗೆಗೆ ಎಲ್ಲಿಲ್ಲದ ಚುರುಕು.

ಬಯಲುಸೀಮೆಯಲ್ಲಿ ಹುಲ್ಲು ಒಣಗುವ ಹೊತ್ತಿಗೆ ಚನ್ನಗಿರಿ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದಿರುತ್ತದೆ. ಪ್ರತಿವರ್ಷ ಗಂಡಹೆಂಡಿರು ಮಂದೆ ಹೊಡೆದುಕೊಂಡು ಆ ಕಡೆ ಹೊರಡುತ್ತಿದ್ದರು. ಬಿಳಿಚೋಡಿನ ಮನೆಯನ್ನು ನೋಡಿಕೊಳ್ಳಲು ಗಾದ್ರಪ್ಪನ ಅತ್ತಿಗೆ ಕರಿಯಕ್ಕ ಇದ್ದಳು. ಕರಿಯಕ್ಕನದು ಸೋಮವಾರ ಒಪ್ಪತ್ತು, ಶನಿವಾರ ಒಪ್ಪತ್ತು, ಶಿವರಾತ್ರಿ ನಿಟ್ಟುಪವಾಸ. ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಅವಳು ಹೊಟ್ಟೆ ಕಟ್ಟುವಳು. ಹರಕೆ ಹೊತ್ತುಕೊಳ್ಳುವುದನ್ನು ತಿಪ್ಪಮ್ಮನಿಗೆ ಕಲಿಸಿದ್ದು ಅವಳೇ. ಹರಕೆಯನ್ನು ಯಾರ ಮುಂದೆಯೂ ಬಾಯಿ ಬಿಡಬಾರದು, ಬಿಟ್ಟರೆ ಅದು ಅರ್ಧಕ್ಕರ್ಧ ಸೋರಿಹೋಗುತ್ತದೆ ಎಂಬುದು ಕರಿಯಕ್ಕನ ಕಾನೂನು.

ತ್ಯಾವಣಿಗೆಯಲ್ಲಿ ಅವರ ಬಿಡಾರ ಮಲ್ಲಿಕಾರ್ಜುನಪ್ಪನವರ ಗದ್ದೆಯಲ್ಲಿ. ಕೊಯ್ದ ಗದ್ದೆಯಲ್ಲಿ ಮಂದೆ ತಂಗಿದರೆ ನೆಲಕ್ಕೆ ಗೊಬ್ಬರ, ಕುರಿಯವರಿಗೆ ಭತ್ತ. ಮೊದಲ ವರ್ಷ ತಿಪ್ಪಮ್ಮ ನಾಲೆಯ ಏರಿಯ ಮೇಲೆ ನಿಂತು, "ಲೇ ಪಟೇಲ, ಎಲ್ಲಿ ಸತ್ಯೋ, ಬಾರೋ ಇಲ್ಲಿ" ಎಂದು ಕೂಗಿದ್ದಳು. ಮಲ್ಲಿಕಾರ್ಜುನಪ್ಪನವರದು ತಲೆತಲಾಂತರದ ಪಟೇಲರ ಮನೆತನ. ಅವರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ನಾಯಿ ಓಡಿ ಬಂದದ್ದನ್ನು ಕಂಡು ನಕ್ಕರು.

"ಹೆಸರೇನೋ ಸರಿಯಾಗೇ ಇಟ್ಟೀಯಮ್ಮ. ನಮ್ಮಪ್ಪ ಪಟೇಲಿಕೆ ಮಾಡುವಾಗ ಹಿಂಗೆ ಕೂಗಿದ್ರೆ ಬರ್ತಿರ್ಲಿಲ್ಲ, ಅಷ್ಟೇ."

ತಿಪ್ಪಮ್ಮನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತ್ತು. ಆದರೆ ಅಂದಿನಿಂದ ಆ ಮನೆಯ ಗಂಡಹೆಂಡಿರಿಗೂ ಇವರಿಗೂ ಸಲಿಗೆ ಬೆಳೆಯಿತು. ಮಲ್ಲಿಕಾರ್ಜುನಪ್ಪನವರ ಹೆಂಡತಿ ಕಲ್ಲಮ್ಮನದು ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ನಾಯಿಗೆ ತಿನ್ನಿಸಬೇಕೆಂದು ಅವರು ಎಷ್ಟೋ ಸಲ ರೊಟ್ಟಿ ಚೂರು ಹಿಡಿದು ಬಂದು ಸೋತಿದ್ದರು. "ಇದೇನು ಮಡಿ ನಾಯಿನೋ" ಎಂದು ಅವರು ಬೈದರೆ ತಿಪ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ಅವಳಿಗೆ ಒಳಗೊಳಗೇ ಹೆಮ್ಮೆ.

ಎಪ್ಪತ್ತೆಂಟನೆಯ ಇಸವಿಯ ಸುಗ್ಗಿಯಲ್ಲಿ ಆ ಹೆಮ್ಮೆಗೆ ಪೆಟ್ಟು ಬಿತ್ತು.

ಒಂದು ಮಧ್ಯಾಹ್ನ ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಕುರಿಗಳು ದಿಕ್ಕಾಪಾಲಾಗಿ ಚದುರಿದವು. ಒಳಗೆ ಏನೋ ಸರಸರ ಸದ್ದು. ನರಿ ಇರಬೇಕೆಂದು ತಿಪ್ಪಮ್ಮ, "ಛೂ, ಹಿಡಿ" ಎಂದಳು. ಪಟೇಲ ಬಾಣ ಬಿಟ್ಟಂತೆ ಕಬ್ಬಿನೊಳಗೆ ನುಗ್ಗಿತು. ಒಳಗಿದ್ದದ್ದು ನರಿಯಲ್ಲ, ಕಾಡುಹಂದಿ. ಹಂದಿ ಆ ಕಡೆಯಿಂದ ಓಡಿಹೋಯಿತು. ಪಟೇಲ ಈ ಕಡೆಯಿಂದ ಕಾಲೆಳೆದುಕೊಂಡು ಹೊರಬಂದಾಗ ಪಕ್ಕೆಯಿಂದ ತೊಡೆಯವರೆಗೆ ಕೋರೆಹಲ್ಲು ಸೀಳಿತ್ತು. ತಿಪ್ಪಮ್ಮ ತನ್ನ ಸೆರಗನ್ನು ಹರಿದು ಒತ್ತಿ ಹಿಡಿದಳು. ಹಿಡಿ ಎಂದವಳು ತಾನೇ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅರಿಸಿನ ಮೆತ್ತಿದರು, ಬೇವಿನ ಎಲೆ ಅರೆದು ಕಟ್ಟಿದರು. ಮೇಲೆ ಗಾಯ ಮುಚ್ಚಿತು, ಒಳಗೆ ಕೀವು ಕಟ್ಟಿತು. ನಾಯಿಯ ಮೈ ಕೆಂಡವಾಯಿತು. ತಿಪ್ಪಮ್ಮ ಎಂದಿನಂತೆ ಉಂಡು ಎಸೆದ ಮುದ್ದೆಯನ್ನೂ ಮುಟ್ಟದೆ ಅದು ಮೂಗನ್ನು ಮುಂಗಾಲುಗಳ ನಡುವೆ ಹುದುಗಿಸಿ ಮಲಗಿತು. ಊರಿನ ದನದ ಆಸ್ಪತ್ರೆಯ ಕಾಂಪೌಂಡರ್ ಜಂಪಣ್ಣ ಸೈಕಲ್ ಏರಿ ಬಂದ. ಗಾಯವನ್ನು ಬಿಡಿಸಿ ತೊಳೆದು, ಸೂಜಿ ಚುಚ್ಚಿ, ದಿನಾ ಬಂದು ಚುಚ್ಚುತ್ತೇನೆ, ಇದನ್ನು ಕದಲಿಸಕೂಡದು ಎಂದು ಹೇಳಿ ಹೋದ.

ಇತ್ತ ಮಂದೆ ನಿಲ್ಲುವಂತಿರಲಿಲ್ಲ. ಹೊನ್ನಾಳಿ ಕಡೆಯ ಗದ್ದೆಯವರಿಗೆ ಮಾತು ಕೊಟ್ಟಾಗಿತ್ತು, ಅಲ್ಲಿಂದ ನ್ಯಾಮತಿಗೆ ಹೋಗಬೇಕಿತ್ತು. ಕೊಟ್ಟ ಮಾತಿಗೆ ಹೋಗದಿದ್ದರೆ ಮುಂದಿನ ವರ್ಷ ಆ ಸೀಮೆಯಲ್ಲಿ ಯಾರೂ ಕರೆಯುವುದಿಲ್ಲ. ಗಾದ್ರಪ್ಪ ಬೆಳಗಿನಿಂದ ಕಂಬಳಿ ಹೊದೆಯುವುದು, ತೆಗೆಯುವುದು ಮಾಡುತ್ತಿದ್ದ. ಕಡೆಗೆ ತಿಪ್ಪಮ್ಮನೇ ಹೇಳಿದಳು.

"ನೀವು ಕುರಿ ಹೊಡ್ಕೊಂಡು ಹೋಗ್ರಿ. ನಾನು ಇದರ ಕೂಡೆ ಇರ್ತೀನಿ. ಎದ್ರೆ ಇಬ್ರೂ ಬರ್ತೀವಿ."

ಗಾದ್ರಪ್ಪ ನಾಯಿಯ ತಲೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತ. ಆಮೇಲೆ ಮಂದೆಯ ಹಿಂದೆ ಹೊರಟ.

ಕಲ್ಲಮ್ಮ ತಮ್ಮ ಕಣದ ಗುಡಿಸಲನ್ನು ಬಿಟ್ಟುಕೊಟ್ಟರು. ಒಂದು ಕಡೆ ಹುಲ್ಲಿನ ಬಣವೆ, ನಡುವೆ ಮೇಟಿಕಂಬ, ಒಕ್ಕಣೆ ಭರದಿಂದ ನಡೆದಿತ್ತು. ಗುಡಿಸಲಿನಲ್ಲಿ ಹೊಸ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ ಹಾಕಿ, ಪಟೇಲನನ್ನು ಮಲಗಿಸಿದರು. ಆ ಸಂಜೆ ತಿಪ್ಪಮ್ಮ ಉಚ್ಚಂಗಿದುರ್ಗ ಯಾವ ದಿಕ್ಕಿಗೆ ಬರುತ್ತದೆಂದು ಅಂದಾಜು ಮಾಡಿ ಆ ಕಡೆ ತಿರುಗಿ ನಿಂತಳು. ಸೀರೆಯ ಅಂಚಿಗೆ ಒಂದು ಅರಿಸಿನದ ಕೊಂಬು ಗಂಟು ಹಾಕಿ ಮನಸ್ಸಿನಲ್ಲೇ ಹೇಳಿಕೊಂಡಳು: ತಾಯಿ ಉಚ್ಚಂಗೆವ್ವ, ನಾನೇ ಕಳಿಸಿದೆ, ನಾನೇ ಅನುಭವಿಸ್ತೀನಿ. ಇದು ಒಂದು ತುತ್ತು ತಿನ್ನೋವರೆಗೂ ನನ್ನ ಬಾಯಿಗೆ ಅನ್ನ ಮುಟ್ಟಿಸಲ್ಲ. ಇದರ ಜೀವ ಒಂದು ಉಳಿಸಿಕೊಡು.

ಜಂಪಣ್ಣನ ಸೂಜಿ ಕೆಲಸ ಮಾಡಿತು. ಕೀವು ಕಡಿಮೆಯಾಯಿತು, ಗಾಯದ ಅಂಚು ತಿಳಿಗೆಂಪಿಗೆ ತಿರುಗಿತು. ಒಂದು ಬೆಳಗ್ಗೆ ಅವನು ನಾಯಿಯ ಕಿವಿಯ ಬುಡ ಮುಟ್ಟಿ ನೋಡಿ, ಬಾಯಿ ಬಿಡಿಸಿ ಒಸಡು ನೋಡಿ, ಗಂಟಲನ್ನು ಒತ್ತಿ ನೋಡಿದ.

"ಜ್ವರ ಇಳಿದೈತೆ. ಬಾಯಾಗೆ ಹುಣ್ಣಿಲ್ಲ, ಗಂಟಲಾಗೆ ಏನೂ ಸಿಕ್ಕಿಲ್ಲ. ಇವತ್ತಿಂದ ತಿನ್ನಬೇಕು ನೋಡಮ್ಮ."

ತಿನ್ನಲಿಲ್ಲ. ತಿಪ್ಪಮ್ಮ ಕಲ್ಲಮ್ಮನಿಂದ ರಾಗಿ ಹಿಟ್ಟು ಇಸಿದುಕೊಂಡು ಗಂಜಿ ಕಾಯಿಸಿ ಬೊಗಸೆಯಲ್ಲಿ ಹಿಡಿದಳು. ಪಟೇಲ ಗಂಜಿ ನೋಡಿತು, ಅವಳ ಮುಖ ನೋಡಿತು, ತಲೆ ಕೆಳಗಿಟ್ಟಿತು. ಹಾಲು ಹಿಡಿದಳು. ಅನ್ನ ಮಜ್ಜಿಗೆ ಹಿಡಿದಳು. ದಿನವೂ ತಿನ್ನುತ್ತಿದ್ದ ಮುದ್ದೆಯನ್ನೇ ಮಾಡಿ, ಸಾರಿನಲ್ಲಿ ಹೊರಳಿಸಿ, ಉಂಡೆ ಕಟ್ಟಿ ಮೂತಿಯ ಮುಂದಿಟ್ಟಳು. ಅದರ ಬಾಯಂಚಿನಲ್ಲಿ ಜೊಲ್ಲು ಇಳಿಯಿತು. ಆದರೂ ಮತ್ತೆ ಅವಳ ಮುಖವನ್ನೇ ನೋಡಿ, ಕಣ್ಣು ಮುಚ್ಚಿತು. ನೀರು ಮಾತ್ರ ಹಿಡಿದಷ್ಟೂ ಕುಡಿಯುತ್ತಿತ್ತು.

"ನನ್ ಕೈಯಾಗಿಂದೂ ಬ್ಯಾಡೇನೋ ನಿಂಗೆ? ನಾನು ಕಂಡವಳಾ?" ಎಂದು ಅವಳು ಕೇಳಿದಳು. ಹಿಡಿ ಎಂದು ಹಂದಿಯ ಬಾಯಿಗೆ ದೂಡಿದ ಕೈಯನ್ನು ನಾಯಿ ಇನ್ನು ನಂಬುವುದಿಲ್ಲ ಎಂಬ ಯೋಚನೆ ಅವಳ ತಲೆಗೆ ಹೊಕ್ಕಿತು. ಒಮ್ಮೆ ಹೊಕ್ಕ ಮೇಲೆ ಅದು ಅಲ್ಲೇ ಮನೆ ಮಾಡಿತು. ಅವಳು ಗಾಯ ತೊಳೆಯುವಾಗಲೂ, ನೊಣ ಬೀಸುವಾಗಲೂ ಅದೇ ಯೋಚನೆ.

ತಾಳಲಾರದೆ ಒಮ್ಮೆ ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟ ತಂದು, ಬಾಯಿ ಅಗಲಿಸಿ ಗಂಜಿ ಹೊಯ್ದಳು. ಪಟೇಲ ಕೆಮ್ಮಿ ಕೆಮ್ಮಿ ಅಷ್ಟನ್ನೂ ಹೊರಹಾಕಿತು. ಆಮೇಲೆ ಸಂಜೆಯವರೆಗೂ ಅವಳಿಗೆ ಬೆನ್ನು ಹಾಕಿಕೊಂಡು ಮಲಗಿತು. ವಿಷಯ ತಿಳಿದ ಜಂಪಣ್ಣ ಗದರಿದ.

"ಗಂಜಿ ಪುಪ್ಪುಸಕ್ಕೆ ಹೋದ್ರೆ ಅಲ್ಲಿಗೆ ಮುಗೀತು. ಇನ್ನೊಂದ್ಸಲ ಹಂಗೆ ಮಾಡಬ್ಯಾಡ. ಅದಾಗೇ ತಿನ್ನಬೇಕು. ತಿಂದ್ರೆ ಬದುಕ್ತೈತೆ. ಹಿಂಗೇ ಬಿಟ್ರೆ ಇನ್ನೆರಡು ದಿನ ಉಳಿಯಾದು ಕಷ್ಟ."

ಪಟೇಲನ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಕಾಲು ಊರಿ ಏಳಲು ನೋಡಿ ಅರ್ಧಕ್ಕೆ ಕುಸಿಯುತ್ತಿತ್ತು. ಬಾಲ ಮಾತ್ರ ಅವಳ ದನಿ ಕೇಳಿದಾಗ ಹುಲ್ಲಿನ ಮೇಲೆ ಒಮ್ಮೆ ಅಲ್ಲಾಡುತ್ತಿತ್ತು. ಆ ಬಾಲ ಅಲ್ಲಾಡಿದಾಗಲೆಲ್ಲ ತಿಪ್ಪಮ್ಮನಿಗೆ ಅಳು ಬರುತ್ತಿತ್ತು.

ಇನ್ನು ಅವಳ ಹರಕೆಯ ಕಥೆ. ಕಲ್ಲಮ್ಮ ಹೊತ್ತುಹೊತ್ತಿಗೆ ಅನ್ನ, ಸಾರು, ಪಲ್ಯ ಕಳಿಸುತ್ತಿದ್ದರು. ಬೇಡ ಎಂದರೆ ಯಾಕೆಂದು ಕೇಳುತ್ತಾರೆ, ಹೇಳಿದರೆ ಹರಕೆ ಸೋರಿಹೋಗುತ್ತದೆ. ತಿಪ್ಪಮ್ಮ ತಟ್ಟೆ ಇಸಿದುಕೊಂಡು, ಯಾರೂ ಇಲ್ಲದಾಗ ಬಣವೆಯ ಹಿಂದೆ ಕಟ್ಟಿದ್ದ ಹೋರಿಕರುವಿಗೆ ಸುರಿದು, ತಟ್ಟೆ ತೊಳೆದು ವಾಪಸು ಕಳಿಸುತ್ತಿದ್ದಳು. ತಾನು ಮಜ್ಜಿಗೆ ನೀರು ಕುಡಿದುಕೊಂಡು ದಿನ ದೂಡುತ್ತಿದ್ದಳು. ಕಲ್ಲಮ್ಮ ಬಂದು, "ಉಂಡ್ಯೇನೆ?" ಎಂದರೆ, "ಹೊಟ್ಟೆ ತುಂಬ ಉಂಡೆ ಅಮ್ಮಾರೆ" ಎನ್ನುವಳು. ಹೋರಿಕರುವಂತೂ ಜನ್ಮದಲ್ಲಿ ಕಾಣದ ಔತಣ ಉಂಡಿತು.

ಔತಣ ಅದಕ್ಕೆ ದಕ್ಕಲಿಲ್ಲ. ಒಂದು ಬೆಳಗ್ಗೆ ಕರುವಿನ ಹೊಟ್ಟೆ ತಮಟೆಯಂತೆ ಉಬ್ಬಿ, ಅದು ನಿಲ್ಲಲಾರದೆ, ಮಲಗಲಾರದೆ ನರಳತೊಡಗಿತು. ನಾಯಿಗೆ ಸೂಜಿ ಹಾಕಲು ಬಂದ ಜಂಪಣ್ಣನನ್ನು ಕಲ್ಲಮ್ಮ ನೇರ ಬಣವೆಯ ಹಿಂದಕ್ಕೆ ಎಳೆದೊಯ್ದರು. ಅವನು ಎಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ, ಗಾಳಿ ಹೋಗುವಂತೆ ಮಾಡಿ, ಕರು ಬದುಕಿತು ಎಂದ ಮೇಲೆ ಕೇಳಿದ.

"ಅಮ್ಮಾರೆ, ಇದಕ್ಕೆ ಅನ್ನ ಹಾಕ್ದೋರು ಯಾರು? ಒಂದಿನದ್ದಲ್ಲ ಇದು. ಬಾಯಾಗೆ ಬದನೆಕಾಯಿ ತೊಟ್ಟು ಐತೆ ನೋಡ್ರಿ."

ಹಿಂದಿನ ದಿನ ಬದನೆಕಾಯಿ ಪಲ್ಯ ಮಾಡಿದವರು ಕಲ್ಲಮ್ಮನೇ. ಅದನ್ನು ಯಾರಿಗೆ ಕಳಿಸಿದ್ದರೆಂಬುದೂ ಅವರಿಗೆ ಗೊತ್ತು. ಅವರು ಏನೂ ಹೇಳದೆ ಗುಡಿಸಲಿನ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ತಿಪ್ಪಮ್ಮ ತಲೆ ತಗ್ಗಿಸಿದಳು.

"ಎಷ್ಟು ದಿನ ಆತು ನೀನು ಉಂಡು?"

ತಿಪ್ಪಮ್ಮ ನಾಯಿಯ ಕಂಬಳಿಯ ಅಂಚು ಸರಿಪಡಿಸಿದಳು.

"ಹರಕೆ ಹೊತ್ತೀಯಾ?"

ತಿಪ್ಪಮ್ಮನ ಕಣ್ಣು ತುಂಬಿತು. ಕರಿಯಕ್ಕನ ಕಾನೂನಿಗೆ ಕಟ್ಟುಬಿದ್ದು ಅವಳು ಆಗಲೂ ಬಾಯಿ ಬಿಡಲಿಲ್ಲ. ಬಾಯಿ ಬಿಡುವ ಅಗತ್ಯವೂ ಇರಲಿಲ್ಲ. ಸೀರೆಯಂಚಿನ ಗಂಟನ್ನು ಕಲ್ಲಮ್ಮ ಆಗಲೇ ನೋಡಿದ್ದರು.

"ನೋಡು ತಿಪ್ಪಮ್ಮ," ಎಂದು ಅವರು ಹೊಸ್ತಿಲಲ್ಲಿ ಕೂತರು. "ನಾನು ದೇವರನ್ನ ಬೈಯಾಕೆ ಬಂದಿಲ್ಲ. ಆದ್ರೆ ಇವತ್ತು ನಮ್ಮ ಕಣದಾಗೆ ರಾಶಿ ಪೂಜೆ. ಕಣದಾಗೆ ಒಬ್ರು ಹಸ್ಕೊಂಡು ಕುಂತಿರುವಾಗ ನಮ್ಮ ಮನ್ಯಾಗೆ ರಾಶಿಗೆ ಕೊಳಗ ಹಾಕಿ ಅಳೆಯಲ್ಲ. ನಮ್ಮತ್ತೆ ಕಾಲದಿಂದ ಬಂದಿದ್ದು. ಕೂಲಿಯೋರು ಉಂಡಾಗೈತೆ, ಎತ್ತು ಉಂಡಾವೆ, ಭಿಕ್ಷಕ್ಕೆ ಬಂದೋರೂ ಉಂಡು ಹೋದ್ರು. ಉಳಿದೋಳು ನೀನೊಬ್ಬಳು."

"ನಾಯಿನೂ ಉಂಡಿಲ್ಲ ಅಮ್ಮಾರೆ," ಎಂದಳು ತಿಪ್ಪಮ್ಮ ಸಣ್ಣಗೆ.

"ಅದರ ಮಾತು ಬ್ಯಾರೆ. ಅದು ಜಡ್ಡಿಗೆ ಬಿದ್ದೈತೆ, ಅದಕ್ಕೆ ಮಾಫಿ ಐತೆ. ಜಡ್ಡಿಲ್ಲದೋರಿಗೆ ಮಾಫಿ ಇಲ್ಲ."

"ಹಂಗಾದ್ರೆ ನಾನು ಕಣದಿಂದ ಆಚೆ ಹೋಗ್ತೀನಿ."

"ಹೋಗು. ಅದನ್ನ ಎತ್ತೋದು ಹೆಂಗೆ? ಜಂಪಣ್ಣ ಏನಂದಾನೆ ಕೇಳಿಲ್ವಾ?"

ತಿಪ್ಪಮ್ಮ ಪಟೇಲನ ಕಡೆ ನೋಡಿದಳು. ಗಾಯ ಈಗ ತಾನೇ ಕೂಡುತ್ತಿತ್ತು. ಎತ್ತಿದರೆ ಅದು ಮತ್ತೆ ಬಿಚ್ಚಿಕೊಳ್ಳುತ್ತದೆ. ಕಣದ ನಡುವೆ ಭತ್ತದ ರಾಶಿ ಎದ್ದು ನಿಂತಿತ್ತು. ಅದರ ನೆತ್ತಿಗೆ ಹೂವು ಏರಿಸಿ, ಕೊಳಗ ಹಿಡಿದುಕೊಂಡು ಮಲ್ಲಿಕಾರ್ಜುನಪ್ಪನವರು ಬಿಸಿಲಿನಲ್ಲಿ ಕಾಯುತ್ತಿದ್ದರು. ಅವರ ಹಿಂದೆ ಆಳುಕಾಳು. ಎಲ್ಲರ ಕಣ್ಣೂ ಗುಡಿಸಲಿನ ಮೇಲೆ. ವರ್ಷದ ಬೆಳೆ ತನ್ನೊಬ್ಬಳ ಹೊಟ್ಟೆಗಾಗಿ ನಿಂತಿದೆ ಎಂದು ಅವಳಿಗೆ ಅರಿವಾಯಿತು. ಇಷ್ಟು ದಿನ ನೆರಳು ಕೊಟ್ಟವರ ರಾಶಿಯನ್ನು ತಡೆದು ಕೂರುವಷ್ಟು ಕಲ್ಲುಮನಸ್ಸು ಅವಳದಲ್ಲ. ಉಂಡರೆ ನಾಯಿ ಸಾಯುತ್ತದೆ ಎಂಬ ಭಯ ಒಂದು ಕಡೆ. ಉಣ್ಣದಿದ್ದರೂ ಅದು ಸಾಯುತ್ತಲೇ ಇದೆಯಲ್ಲ ಎಂಬ ಸಿಟ್ಟು ಇನ್ನೊಂದು ಕಡೆ.

ಸಿಟ್ಟೇ ಗೆದ್ದಿತು.

"ಹಾಕ್ರಿ," ಎಂದಳು. "ಉಂಡೇ ಬಿಡ್ತೀನಿ. ಇಷ್ಟು ದಿನ ಹೊಟ್ಟೆ ಕಟ್ಟಿದ್ದಕ್ಕೆ ಆ ತಾಯಿ ಏನ್ ಕೊಟ್ಲು ನಂಗೆ?"

ಕಲ್ಲಮ್ಮ ತಟ್ಟೆ ತಂದರು. ಮುದ್ದೆ, ಮೇಲೆ ಬಿಸಿ ಅವರೆಕಾಳು ಸಾರು. ತಿಪ್ಪಮ್ಮ ನಾಯಿಯ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ಮುದ್ದೆ ಮುರಿದಳು. ಕಣ್ಣೀರು ಒಂದೇ ಸಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದಳು. ಎರಡನೆಯದು ಇಳಿಯಿತು. ಬಹಳ ದಿನದ ಹಸಿವು, ಅವಳು ಬೇಡವೆಂದರೂ ಕೈ ತಾನಾಗಿ ಬಾಯಿಗೆ ಹೋಯಿತು.

ಹುಲ್ಲು ಸರಕ್ಕೆಂದಿತು. ತಿಪ್ಪಮ್ಮ ಕತ್ತೆತ್ತಿದಳು. ಪಟೇಲ ತಲೆ ಎತ್ತಿತ್ತು. ಕಿವಿ ನಿಮಿರಿತ್ತು. ಮುಂಗಾಲೂರಿ ಮೈಯನ್ನು ಎಳೆದುಕೊಂಡು ಅವಳ ತಟ್ಟೆಯಿಂದ ಒಂದು ಗೇಣು ದೂರಕ್ಕೆ ಬಂದು ಕೂತಿತು. ಸಂಜೆ ಕುರಿ ರೊಪ್ಪ ಸೇರಿದ ಮೇಲೆ ಎಷ್ಟು ದೂರದಲ್ಲಿ ಕೂರಬೇಕೆಂದು ಅವಳು ಕಲಿಸಿದ್ದಳೋ, ಸರಿಯಾಗಿ ಅಷ್ಟೇ ದೂರ. ಮೂತಿ ಚಾಚಲಿಲ್ಲ. ಅವಳ ಬಾಯಿಯನ್ನೇ ನೋಡುತ್ತಿತ್ತು.

ತಿಪ್ಪಮ್ಮನ ಕೈ ತಟ್ಟೆಯಲ್ಲೇ ನಿಂತಿತು. ನಿಧಾನಕ್ಕೆ, ಉಸಿರು ಬಿಟ್ಟರೆ ಏನಾದರೂ ಆದೀತೆಂಬಂತೆ, ಉಳಿದ ಮುದ್ದೆಯಲ್ಲಿ ಒಂದಿಷ್ಟು ಮುರಿದು ಸಾರಿನಲ್ಲಿ ಹೊರಳಿಸಿ ಉಂಡೆ ಮಾಡಿ ಅದರ ಮುಂದಿಟ್ಟಳು. ಪಟೇಲ ಮೂಸಿತು. ನೆಕ್ಕಿತು. ತಿಂದಿತು.

ಹೊಸ್ತಿಲಲ್ಲಿದ್ದ ಕಲ್ಲಮ್ಮ ಎದ್ದು ನಿಂತರು. "ಇನ್ನೊಂದು ಹಾಕು, ಇನ್ನೊಂದು ಹಾಕು" ಎಂದು ಪಿಸುಗುಟ್ಟಿದರು. ತಿಪ್ಪಮ್ಮ ಇನ್ನೊಂದು ಉಂಡೆ ಇಟ್ಟಳು. ಪಟೇಲ ಅದನ್ನು ಮುಟ್ಟಲಿಲ್ಲ. ಮತ್ತೆ ಅವಳ ಬಾಯಿಯ ಕಡೆ ನೋಡಿತು. ಅವಳು ಒಂದು ತುತ್ತು ಬಾಯಿಗಿಟ್ಟಳು. ಅದು ಉಂಡೆಗೆ ಬಾಯಿ ಹಾಕಿತು.

ಆಗ ತಿಪ್ಪಮ್ಮನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಅವಳು ಹಿಡಿದ ಗಂಜಿ, ಹಿಡಿದ ಹಾಲು, ಹಿಡಿದ ಅನ್ನ, ಪ್ರತಿಸಲ ಅದು ಅವಳ ಮುಖ ನೋಡಿ ಕಣ್ಣು ಮುಚ್ಚಿದ್ದು. ಅದಕ್ಕೆ ಅವಳ ಕೈಯ ಮೇಲೆ ಅನುಮಾನ ಬಂದಿರಲಿಲ್ಲ. ಅವಳು ಇನ್ನೂ ಉಂಡಿಲ್ಲ, ತನ್ನ ಸರದಿ ಇನ್ನೂ ಬಂದಿಲ್ಲ ಎಂದು ಅದು ಕಾದಿತ್ತು. ಅದು ತಿನ್ನಲಿ ಎಂದು ಇವಳು ಉಪವಾಸ, ಇವಳು ಉಣ್ಣಲಿ ಎಂದು ಅದು ಉಪವಾಸ. ಇನ್ನೆರಡು ದಿನ ಹೀಗೇ ಕೂತಿದ್ದರೆ ಅವಳ ಭಕ್ತಿಯೇ ಅದನ್ನು ಕೊಲ್ಲುತ್ತಿತ್ತು.

"ಅಯ್ಯೋ ನನ್ನಪ್ಪ," ಎಂದು ಅವಳು ಅತ್ತಳು. ಬಾಯಿತುಂಬ ಮುದ್ದೆ ಇದ್ದುದರಿಂದ ಅಳುವೋ ನಗುವೋ ಎಂದು ಯಾರಿಗೂ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ. ಎದೆಯ ಮೇಲಿಂದ ಬೀಸುವ ಕಲ್ಲು ಎತ್ತಿಟ್ಟ ಹಾಗೆ ಹಗುರವಾಯಿತು.

"ಅಲ್ಲ ಕಣೇ," ಎಂದರು ಕಲ್ಲಮ್ಮ, "ನಿನ್ನ ನಾಯಿಗೆ ಇರೋ ಮರ್ಯಾದೆ ನಮ್ಮ ಮನೆ ಅಳಿಯಂದಿರಿಗಿಲ್ಲ. ಅವರು ನಾವು ಬಡಿಸೋ ತನಕಾನೂ ಕಾಯಲ್ಲ."

"ಇನ್ನೊಂದು ಮುದ್ದೆ ತರ್ರಿ ಅಮ್ಮಾರೆ."

"ನಿಂಗೋ, ಅದಕ್ಕೋ?"

"ನಾನು ಉಂಡ್ರೇ ಅದಕ್ಕೆ."

ಜಂಪಣ್ಣ ನಡುವೆ ಬಾಯಿ ಹಾಕಿದ. ಖಾಲಿ ಹೊಟ್ಟೆಗೆ ಒಮ್ಮೆಲೇ ತುಂಬಬಾರದು, ಗಂಜಿ ಮಾಡಿ, ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ಕೊಡಿ ಎಂದ. ನಾಯಿಗೆ ಹೇಳಿದ್ದೋ, ತನಗೆ ಹೇಳಿದ್ದೋ ಎಂದು ತಿಪ್ಪಮ್ಮ ಕೇಳಿದಳು. ಇಬ್ಬರಿಗೂ ಎಂದ. ಹೊರಗೆ ಮಲ್ಲಿಕಾರ್ಜುನಪ್ಪನವರು, "ಉಂಡಳಾ?" ಎಂದು ಕೂಗಿದರು. "ಇಬ್ರೂ ಉಂಡ್ರು, ಅಳೀರಿ" ಎಂದು ಕಲ್ಲಮ್ಮ ಇಲ್ಲಿಂದಲೇ ಕೂಗಿದರು. ಮೊದಲ ಕೊಳಗ ರಾಶಿಗೆ ಇಳಿಯಿತು.

ಆಮೇಲಿನ ದಿನಗಳಲ್ಲಿ ತಿಪ್ಪಮ್ಮ ಉಂಡದ್ದನ್ನು ನೋಡಿ ಕಣದ ಆಳುಗಳು ನಕ್ಕದ್ದೇ ನಕ್ಕದ್ದು. ಬೆಳಗ್ಗೆ ನಾಲ್ಕು ಗುಟುಕು ಗಂಜಿ ಅವಳು, ನಾಲ್ಕು ಗುಟುಕು ಅದು. ಮಧ್ಯಾಹ್ನ ಹಾಲು ಅನ್ನ, ಅವಳಿಗೆ ಹಾಲು ಅನ್ನ ಕಂಡರಾಗದು, ಆದರೂ ಉಂಡಳು. ಜಂಪಣ್ಣ ಬಲ ಬರಲೆಂದು ಒಂದು ಕಹಿ ಔಷಧ ಕೊಟ್ಟಾಗ ಅದನ್ನೂ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವುಚಿದಳು. ಪಟೇಲ ಅದನ್ನೂ ನಂಬಿ ನುಂಗಿತು. ನಾಯಿ ಚೇತರಿಸಿಕೊಳ್ಳುವ ಹೊತ್ತಿಗೆ ತಿಪ್ಪಮ್ಮನ ರವಿಕೆ ಬಿಗಿಯಾಗಿತ್ತು.

ಅದು ನಾಲ್ಕೂ ಕಾಲೂರಿ ನಾಲೆಯ ಏರಿ ಹತ್ತಿದ ಮೇಲೆ ಮಲ್ಲಿಕಾರ್ಜುನಪ್ಪನವರು ಹೊನ್ನಾಳಿಯವರೆಗೆ ಗಾಡಿ ಕೊಟ್ಟರು. ಅಲ್ಲಿಂದ ಮುಂದೆ ಇಬ್ಬರೂ ಮೆಲ್ಲಗೆ ನಡೆದು ನ್ಯಾಮತಿಯ ಹೊರಗಿನ ಗದ್ದೆಗೆ ಬಂದಾಗ ಕುರಿಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿದವು. ಗಾದ್ರಪ್ಪ ಕೋಲು ಹಿಡಿದು ನಿಂತೇ ಇದ್ದ. ಪಟೇಲ ಕುಂಟುತ್ತ ಹೋಗಿ ಅವನ ಮೊಳಕಾಲಿಗೆ ತಲೆ ಒತ್ತಿತು.

"ಪಟೇಲರು ಬಂದ್ರಾ," ಎಂದ ಗಾದ್ರಪ್ಪ. ಅಷ್ಟೇ ಮಾತು. ಆಮೇಲೆ ಕೋಲು ಕೆಳಗಿಟ್ಟು, ನಾಯಿಯನ್ನು ತಬ್ಬಿಕೊಂಡು, ಕಂಬಳಿಯಿಂದ ಮುಖ ಒರೆಸಿಕೊಂಡ.

ಅವನಿಗೆ ತಿಪ್ಪಮ್ಮ ಎಲ್ಲವನ್ನೂ ಹೇಳಿದಳು. ಅಂದೇ ಸಂಜೆ ಅವನಿಗೆ ನಾಲ್ಕು ತುತ್ತು ಉಣ್ಣಲು ಹೇಳಿ, ಅವನ ತಟ್ಟೆಯಿಂದಲೂ ನಾಯಿ ತಿನ್ನುವುದನ್ನು ರೂಢಿ ಮಾಡಿಸಿದಳು. ಒಬ್ಬರ ಹೊಟ್ಟೆಯನ್ನೇ ನಂಬಿ ಒಂದು ಜೀವ ಇರಕೂಡದೆಂದು ಅವಳಿಗೆ ಅನಿಸಿತ್ತು. ಊರಿಗೆ ಮರಳಿದ ಮೇಲೆ ಉಚ್ಚಂಗಿದುರ್ಗಕ್ಕೆ ಹೋಗಿ ಅರಿಸಿನದ ಗಂಟು ಬಿಚ್ಚಿಟ್ಟು, ಹರಕೆ ಮುರಿದೆ ತಾಯಿ, ಮುರಿದದ್ದಕ್ಕೇ ಕಾಪಾಡಿದೆ, ನಿನ್ನ ಲೆಕ್ಕ ನಂಗೆ ತಿಳಿಯಲ್ಲ ಎಂದು ಅಡ್ಡಬಿದ್ದು ಬಂದಳು.

ಅಂದಿನಿಂದ ತಿಪ್ಪಮ್ಮ ಉಪವಾಸ ಬಿಟ್ಟಳು. ಸೋಮವಾರವೂ ಉಂಡಳು, ಶನಿವಾರವೂ ಉಂಡಳು. ಶಿವರಾತ್ರಿಯ ದಿನ ಕರಿಯಕ್ಕ ಒಣಗಿದ ತುಟಿಯಲ್ಲಿ ಕೂತಿದ್ದರೆ ಇವಳು ಅಂಗಳದಲ್ಲಿ ತಟ್ಟೆ ಇಟ್ಟುಕೊಳ್ಳುತ್ತಿದ್ದಳು. ಎದುರಿಗೆ ಪಟೇಲ. ಗಾದ್ರಪ್ಪನ ತಟ್ಟೆ ರೂಢಿಯಾಗಿದ್ದರೂ ಅವಳು ಎದುರಿಗಿದ್ದರೆ ಅದು ಅವಳನ್ನೇ ಕಾಯುತ್ತಿತ್ತು.

"ವರ್ಷಕ್ಕೊಂದಿನ ಹೊಟ್ಟೆ ಕಟ್ಟಾಕೆ ಆಗಲ್ಲೇನೆ ನಿಂಗೆ?" ಎಂದು ಕರಿಯಕ್ಕ ಮೂದಲಿಸುವಳು.

"ನಾನು ಉಣ್ಣದಿದ್ರೆ ಅದೂ ಉಣ್ಣಲ್ಲಕ್ಕ," ಎಂದು ತಿಪ್ಪಮ್ಮ ನಾಯಿಯ ಕಡೆ ತೋರಿಸುವಳು. ಕರಿಯಕ್ಕ ಗೊಣಗುತ್ತ ಒಳಗೆ ಹೋಗುವಳು.

ಪಟೇಲ ಆಮೇಲೂ ಎಷ್ಟೋ ಸುಗ್ಗಿ ಕಂಡಿತು. ಪಕ್ಕೆಯ ಮೇಲೆ ಕೂದಲು ಬಾರದ ಉದ್ದನೆಯ ಗೆರೆ ಹೊತ್ತುಕೊಂಡು ದಿಬ್ಬದ ಮೇಲೆ ಕೂತು ದರ್ಬಾರು ನಡೆಸಿತು. ಎಂಬತ್ತೈದರ ಬೇಸಿಗೆಯಲ್ಲಿ, ವಯಸ್ಸಾಗಿ, ರಾತ್ರಿಯ ಊಟ ಮುಗಿಸಿ ಮಲಗಿದ್ದು ಬೆಳಗ್ಗೆ ಏಳಲಿಲ್ಲ. ಹೊಟ್ಟೆ ತುಂಬಿಸಿಕೊಂಡು ಹೋಯಿತು ಎಂಬುದು ತಿಪ್ಪಮ್ಮನಿಗೆ ದೊಡ್ಡ ಸಮಾಧಾನ.

ಮುಂದಿನ ಶಿವರಾತ್ರಿ ಬಂತು. ತಿಪ್ಪಮ್ಮ ಎಂದಿನಂತೆ ಅಂಗಳದಲ್ಲಿ ತಟ್ಟೆ ಇಟ್ಟುಕೊಂಡು ಕೂತಳು. ಎದುರಿನ ಜಾಗ ಖಾಲಿ. ಕರಿಯಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಈ ಸಲ ಅವಳ ದನಿಯಲ್ಲಿ ಮೂದಲಿಕೆ ಇರಲಿಲ್ಲ.

"ಈಗ್ಯಾರೆ ನಿಂಗೆ ಕಾಯ್ತಾ ಕುಂತಾರೆ?"

ತಿಪ್ಪಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು.

"ಗೊತ್ತಿಲ್ಲಕ್ಕ," ಎಂದಳು. "ಆ ಕಣದಾಗೆ ಅದು ಕಾಯ್ತಿದ್ದಾಗಲೂ ಗೊತ್ತಿರಲಿಲ್ಲ."